ಬೈತುಲ್ ಮಾಲ್‌ನ ಲೆಕ್ಕ ಯಾರ ಸ್ವತ್ತು?

ರಮಝಾನ್ ಮುಗಿದು ಈದ್‌ನ ಸಂಭ್ರಮ ಇಳಿದ ಮೇಲೆ ನಮ್ಮ ಊರುಗಳ ಮೊಹಲ್ಲಾಗಳಲ್ಲಿ ಎರಡು ದೃಶ್ಯಗಳು ಅಕ್ಕಪಕ್ಕದಲ್ಲೇ ಕಾಣಸಿಗುತ್ತವೆ. ಮಸೀದಿಯ ಕಚೇರಿಯಲ್ಲಿ ರಸೀದಿ ಪುಸ್ತಕಗಳನ್ನು ದಾರದಿಂದ ಕಟ್ಟಿ ಕಪಾಟಿನೊಳಗೆ ಇಡಲಾಗುತ್ತದೆ. ಮುಂದಿನ ಶಾಬಾನ್ ಬರುವವರೆಗೆ ಅವುಗಳ ನೆನಪು ಯಾರಿಗೂ ಆಗುವುದಿಲ್ಲ. ಅದೇ ಮಸೀದಿಯ ಹಿಂದಿನ ಓಣಿಯಲ್ಲಿ, ವಾರದ ಗೊತ್ತಾದ ದಿನ ಬೆಳಿಗ್ಗೆ, ಯಾರದೋ ಮನೆಯ ಪಡಸಾಲೆಯಲ್ಲಿ ಹತ್ತಾರು ಹೆಂಗಸರು ಕಂತಿನ ಹಣ ಸೆರಗಿನಲ್ಲಿ ಕಟ್ಟಿಕೊಂಡು ಕುಳಿತಿರುತ್ತಾರೆ. ಮೈಕ್ರೋ ಫೈನಾನ್ಸಿನ ಹುಡುಗ ಬೈಕ್ ನಿಲ್ಲಿಸಿ ಒಳಗೆ ಬರುತ್ತಾನೆ. ಒಬ್ಬಳ ಕಂತು ಕಡಿಮೆ ಬಿದ್ದರೆ ಉಳಿದವರು ಕೂಡಿಸಿ ಕೊಡುವವರೆಗೆ ಯಾರೂ ಏಳುವಂತಿಲ್ಲ. ಗದಗ-ಬೆಟಗೇರಿಯ ನೇಕಾರರ ಓಣಿಯಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪಿಂಜಾರರ ಮನೆಗಳಿರಲಿ, ಈ ನೋಟ ಯಾರಿಗೂ ಹೊಸದಲ್ಲ.

ಈ ಎರಡು ದೃಶ್ಯಗಳ ನಡುವಿನ ಅಂತರ ಐವತ್ತು ಹೆಜ್ಜೆಗಳಷ್ಟೇ. ಒಂದು ಕಡೆ ಬಡವರ ಹೆಸರಿನಲ್ಲಿ ಸಂಗ್ರಹಿಸಿದ ಹಣವಿದೆ, ಇನ್ನೊಂದು ಕಡೆ ಬಡವರೇ ಇದ್ದಾರೆ. ಹಣವೇಕೆ ಆ ಐವತ್ತು ಹೆಜ್ಜೆಗಳನ್ನು ಕ್ರಮಿಸುವುದಿಲ್ಲ ಎಂಬ ಪ್ರಶ್ನೆಯನ್ನು ಜಮಾತುಗಳ ಮುಂದೆ ಇಡಬೇಕಾದ ಕಾಲ ಬಂದಿದೆ.

ನಮ್ಮ ಜನ ಕೊಡುವುದಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಝಕಾತ್, ಫಿತ್ರಾ, ಸದಕಾ, ಕುರ್ಬಾನಿಯ ಚರ್ಮದ ಹಣ, ಮದುವೆಯ ಸಂದರ್ಭದ ಚಂದಾ, ಶುಕ್ರವಾರದ ಡಬ್ಬಿ, ಅಂಗಡಿ ಮಳಿಗೆಗಳ ಬಾಡಿಗೆ - ಸಣ್ಣ ಊರಿನ ಸಣ್ಣ ಜಮಾತಿಗೂ ಹಣದ ಒಳಹರಿವು ಇದ್ದೇ ಇದೆ. ಕೊರತೆ ಇರುವುದು ಒಳಗೆ ಬಂದ ಮೇಲಿನ ವ್ಯವಸ್ಥೆಯಲ್ಲಿ. ಹೆಚ್ಚಿನ ಕಡೆ ಇವೆಲ್ಲವೂ ಒಂದೇ ಪೆಟ್ಟಿಗೆಗೆ, ಒಂದೇ ಬ್ಯಾಂಕ್ ಖಾತೆಗೆ, ಕೆಲವು ಕಡೆ ಒಬ್ಬರದೇ ಜೇಬಿಗೆ ಬೀಳುತ್ತವೆ. ಜೇಬಿನವರು ಪ್ರಾಮಾಣಿಕರೇ ಇರಬಹುದು, ಬಹುಪಾಲು ಪ್ರಾಮಾಣಿಕರೇ. ಆದರೆ ಶರೀಅತ್ ಈ ವಿಷಯವನ್ನು ವ್ಯಕ್ತಿಯ ಪ್ರಾಮಾಣಿಕತೆಯ ಮೇಲೆ ಬಿಟ್ಟಿಲ್ಲ.

ಝಕಾತಿನ ಹಣ ಯಾರಿಗೆ ಸಲ್ಲಬೇಕೆಂಬುದನ್ನು ಕುರ್‌ಆನ್ ಎಂಟು ವರ್ಗಗಳಾಗಿ ತಾನೇ ನಿಗದಿಪಡಿಸಿದೆ (ಅತ್ತೌಬಾ: 60). ಸಾಲದಲ್ಲಿ ಮುಳುಗಿದವರು ಅದರಲ್ಲೊಂದು ವರ್ಗ. ಮಸೀದಿಯ ಮಿನಾರ, ಅಮೃತಶಿಲೆ, ಇಮಾಮರ ಸಂಬಳ ಇವು ಯಾವುವೂ ಆ ಪಟ್ಟಿಯಲ್ಲಿಲ್ಲ. ಹನಫೀ ಫುಕಹಾಗಳ ಪ್ರಕಾರ ಝಕಾತ್ ಸಂದಾಯವಾಗಬೇಕಾದರೆ ಬಡವ ಆ ಹಣದ ಮಾಲೀಕನಾಗಬೇಕು. ಆದ್ದರಿಂದ ಝಕಾತಿನ ಹಣವನ್ನು ಗೋಡೆಗೆ ಹಾಕುವುದು ತಪ್ಪು, ಸಾಲವಾಗಿ ಕೊಟ್ಟು ಹಿಂಪಡೆಯುವುದೂ ಪ್ರಶ್ನಾರ್ಹ. ಸಾಮಾನ್ಯ ಸದಕಾ ಮತ್ತು ಚಂದಾದ ಮಾತು ಬೇರೆ, ಅದನ್ನು ವಿಶಾಲವಾಗಿ ಬಳಸಬಹುದು. ವಕ್ಫ್‌ನ ಮಾತು ಮತ್ತೂ ಬೇರೆ. ಖೈಬರ್‌ನ ಭೂಮಿಯ ವಿಷಯದಲ್ಲಿ ಹಝ್ರತ್ ಉಮರ್(ರ)ರಿಗೆ ಪ್ರವಾದಿ(ಸ)ರು ನೀಡಿದ ಮಾರ್ಗದರ್ಶನವೇ ಅದರ ಬುನಾದಿ: ಮೂಲವನ್ನು ಮಾರಬಾರದು, ಫಲವನ್ನು ಹಂಚಬೇಕು, ನೋಡಿಕೊಳ್ಳುವವನು ನ್ಯಾಯವಾದಷ್ಟನ್ನು ಮಾತ್ರ ತಿನ್ನಬಹುದು. ಹೀಗಿರುವಾಗ ಮೂರನ್ನೂ ಒಂದೇ ಪೆಟ್ಟಿಗೆಗೆ ಸುರಿಯುವ ಕಮಿಟಿಗೆ ತಾನು ಯಾವ ಹಣದಿಂದ ಯಾವ ಖರ್ಚು ಮಾಡಿದೆ ಎಂಬುದು ತನಗೇ ತಿಳಿದಿರುವುದಿಲ್ಲ. ತಿಳಿಯದ ಲೆಕ್ಕವನ್ನು ಅಲ್ಲಾಹನ ಮುಂದೆ ಒಪ್ಪಿಸುವುದಾದರೂ ಹೇಗೆ?

ಲೆಕ್ಕ ಕೇಳುವವರನ್ನು ನಾವು ನಡೆಸಿಕೊಳ್ಳುವ ರೀತಿಯನ್ನೂ ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಜಮಾತಿನ ವಾರ್ಷಿಕ ಸಭೆಯಲ್ಲಿ ಕುಳಿತಿದ್ದೆವು. ಗ್ಯಾರೇಜಿನಲ್ಲಿ ದುಡಿಯುವ ಹುಡುಗನೊಬ್ಬ ಎದ್ದು, ಮಳಿಗೆಗಳ ಬಾಡಿಗೆ ಎಷ್ಟು ಬಂತು ಎಂದು ಕೇಳಿದ. ವೇದಿಕೆಯಿಂದ ಬಂದ ಉತ್ತರ: “ನೀನು ಎಷ್ಟು ಕೊಟ್ಟಿದ್ದೀ?” ಸಭೆ ನಕ್ಕಿತು, ಹುಡುಗ ಕುಳಿತ. ಚಹಾ ಬಂತು, ಸಭೆ ಮುಗಿಯಿತು. ಖಲೀಫರಾಗಿದ್ದ ಹಝ್ರತ್ ಉಮರ್(ರ)ರನ್ನು, ಎಲ್ಲರಿಗೂ ಒಂದೊಂದೇ ತುಂಡು ಬಟ್ಟೆ ಸಿಕ್ಕಿರುವಾಗ ನಿಮ್ಮ ಅಂಗಿಗೆ ಹೆಚ್ಚು ಬಟ್ಟೆ ಎಲ್ಲಿಂದ ಬಂತು ಎಂದು ತುಂಬಿದ ಸಭೆಯಲ್ಲಿ ಪ್ರಶ್ನಿಸಿದ ಪ್ರಸಂಗವನ್ನು ನಮ್ಮ ಖತೀಬರು ವರ್ಷಕ್ಕೆರಡು ಬಾರಿಯಾದರೂ ಹೇಳುತ್ತಾರೆ. ಅಂದು ಉಮರ್(ರ)ರು ಕೇಳಿದವನ ಚಂದಾ ವಿಚಾರಿಸಲಿಲ್ಲ. ತನ್ನ ಪಾಲನ್ನು ತಂದೆಗೆ ಕೊಟ್ಟೆನೆಂದು ಮಗ ಅಬ್ದುಲ್ಲಾ(ರ) ಎದ್ದು ಸಾಕ್ಷಿ ನುಡಿಯಬೇಕಾಯಿತು. ಕೊಟ್ಟವನಿಗೆ ಮಾತ್ರ ಕೇಳುವ ಹಕ್ಕಿದೆ ಎಂಬುದು ಶೇರು ಪೇಟೆಯ ನಿಯಮವಿರಬಹುದು, ಬೈತುಲ್ ಮಾಲ್‌ನ ನಿಯಮವಲ್ಲ. ಅಲ್ಲಿ ಪಡೆಯುವವನೇ ಹಣದ ಒಡೆಯ. ಲೆಕ್ಕ ಅವನ ಸ್ವತ್ತು.

ಬರೆದಿಡುವುದು ಅವಿಶ್ವಾಸದ ಲಕ್ಷಣವೆಂದು ಭಾವಿಸುವ ಹಿರಿಯರೂ ಇದ್ದಾರೆ. ಕುರ್‌ಆನಿನ ಅತಿ ದೀರ್ಘವಾದ ವಚನ ಯಾವುದರ ಕುರಿತಾಗಿದೆ ಎಂದು ಅವರು ಒಮ್ಮೆ ನೋಡಲಿ. ಅದು ನಮಾಝಿನದ್ದೂ ಅಲ್ಲ, ಉಪವಾಸದ್ದೂ ಅಲ್ಲ. ಅದು ಸಾಲವನ್ನು ಬರೆದಿಡುವ, ಬರಹಗಾರನನ್ನು ಕೂರಿಸುವ, ಸಾಕ್ಷಿ ಹಾಕಿಸುವ ವಚನ (ಅಲ್ ಬಕರಾ: 282).

ಸಾರ್ವಜನಿಕ ಲೆಕ್ಕದ ವಿಷಯದಲ್ಲಿ ನಮ್ಮ ನೆಲವೂ ಅಪರಿಚಿತವೇನಲ್ಲ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ ಅಥವಾ ಪೊರಿಗೆರೆ. ಸುಮಾರು ಕ್ರಿ.ಶ. 725ರಲ್ಲಿ ಚಾಲುಕ್ಯ ಯುವರಾಜ ವಿಕ್ರಮಾದಿತ್ಯನು ಆ ಊರಿನ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರ ವ್ಯವಸ್ಥೆಯ ಶಾಸನ ಅಲ್ಲಿ ದೊರೆತಿದೆ. ಯಾರು ಎಷ್ಟು ತೆರಬೇಕು, ಮನೆಯ ಶಕ್ತಿಗೆ ತಕ್ಕಂತೆ ಅದು ಹೇಗೆ ಬದಲಾಗಬೇಕು ಎಂಬುದೆಲ್ಲ ಕಲ್ಲಿನ ಮೇಲಿದೆ. ಊರಿನ ಹಣದ ಕರಾರು ಊರಿಗೆ ಕಾಣುವಂತಿರಬೇಕೆಂದು ಸಾವಿರದ ಮುನ್ನೂರು ವರ್ಷಗಳ ಹಿಂದಿನವರಿಗೆ ತಿಳಿದಿತ್ತು. ನಮಗೆ ಕಲ್ಲು ಬೇಡ, ವುಝೂ ಕೊಳದ ಪಕ್ಕದ ಸೂಚನಾ ಫಲಕ ಸಾಕು.

ಇನ್ನೂ ಹತ್ತಿರದ ಉದಾಹರಣೆ ಗದಗ ತಾಲ್ಲೂಕಿನ ಕಣಗಿನಹಾಳದ್ದು. 1905ರಲ್ಲಿ, ಅದಕ್ಕೆ ಹಿಂದಿನ ವರ್ಷ ಜಾರಿಗೆ ಬಂದ ಸಹಕಾರ ಪತ್ತಿನ ಸಂಘಗಳ ಕಾಯ್ದೆಯಡಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಈ ಹಳ್ಳಿಯಲ್ಲಿ. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅದರ ಗುರಿಯಾಗಿತ್ತು. ಆ ಸಂಘವೂ ಬಡ್ಡಿಯ ಮೇಲೆಯೇ, ಕಡಿಮೆ ಬಡ್ಡಿಯ ಮೇಲೆ, ನಡೆಯಿತೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಆ ಭಾಗ ನಮಗೆ ಬೇಡ. ಆದರೆ ಅದರ ಕಟ್ಟುಪಾಡುಗಳನ್ನು ನೋಡಿ. ಸದಸ್ಯರು ಒಂದೇ ಊರಿನವರು, ಒಬ್ಬರನ್ನೊಬ್ಬರು ಬಲ್ಲವರು. ಸಾಲ ಸದಸ್ಯರಿಗೆ ಮಾತ್ರ. ಸಂಘ ಮುಳುಗಿದರೆ ಹೊಣೆ ಎಲ್ಲರದು, ಮಿತಿಯಿಲ್ಲದ ಹೊಣೆ. ಉಳಿತಾಯ ಹಂಚಿಕೆಯಾಗದೆ ಮೀಸಲು ನಿಧಿಗೆ ಸೇರಬೇಕು. ವರ್ಷಕ್ಕೊಮ್ಮೆ ಹೊರಗಿನಿಂದ ಬಂದವರು ಲೆಕ್ಕ ತಪಾಸಣೆ ಮಾಡಬೇಕು. ಓದುಬರಹ ವಿರಳವಾಗಿದ್ದ ಕಾಲದ ಒಕ್ಕಲಿಗರಿಗೆ ಈ ಶಿಸ್ತು ಸಾಧ್ಯವಾಗಿತ್ತು. ಮನೆಗೊಬ್ಬ ಪದವೀಧರನಿರುವ ಇಂದಿನ ಮೊಹಲ್ಲಾಗಳಿಗೆ ಅದು ಏಕೆ ಅಸಾಧ್ಯ?

ಈಗ ಮಾಡಬಹುದಾದ ಕೆಲಸದ ಮಾತಿಗೆ ಬರೋಣ. ಒಂದು ಜಮಾತಿನ ಬಳಿ ಝಕಾತ್ ಹೊರತಾದ ಐದು ಲಕ್ಷ ರೂಪಾಯಿ ಇದೆಯೆಂದು ಇಟ್ಟುಕೊಳ್ಳಿ. ನಮ್ಮ ಮಧ್ಯಮ ಗಾತ್ರದ ಮಸೀದಿಯೊಂದರ ದ್ವಾರದ ಕಮಾನಿಗೆ ತಗಲುವ ಖರ್ಚು ಅದಕ್ಕಿಂತ ಕಡಿಮೆಯೇನಲ್ಲ. ಅದರಿಂದ ಐವತ್ತು ಮನೆಗಳಿಗೆ ತಲಾ ಹತ್ತು ಸಾವಿರದಂತೆ ಕರ್ಝೆ ಹಸನ್ ಕೊಟ್ಟು, ತಿಂಗಳಿಗೆ ಒಂದು ಸಾವಿರದಂತೆ ಹತ್ತು ಕಂತುಗಳಲ್ಲಿ ಮರಳಿ ಪಡೆಯಿರಿ. ಮೊದಲ ತಿಂಗಳಲ್ಲೇ ಐವತ್ತು ಸಾವಿರ ಹಿಂತಿರುಗಿ ಬರುತ್ತದೆ, ಅಂದರೆ ಇನ್ನೂ ಐದು ಮನೆಗಳಿಗೆ ಸಾಲ. ಹೀಗೆ ಹತ್ತು ತಿಂಗಳಲ್ಲಿ ಅದೇ ಹಣ ಕನಿಷ್ಠ ನೂರು ಮನೆಗಳನ್ನು ಮುಟ್ಟುತ್ತದೆ. ಹತ್ತರಲ್ಲಿ ಒಂದು ಕಂತು ಬಾರದೆ ಹೋದರೂ ಆ ಸಂಖ್ಯೆ ತೊಂಬತ್ತರ ಕೆಳಗೆ ಇಳಿಯದು. ನಿಜವಾಗಿಯೂ ತೀರಿಸಲಾಗದವನಿಗೆ ಝಕಾತ್ ಖಾತೆಯಿಂದ, ಸಾಲಗಾರರ ಪಾಲಿನಲ್ಲಿ, ಹಣವನ್ನು ಅವನ ಕೈಗೇ ಕೊಟ್ಟು ಋಣಮುಕ್ತನಾಗುವಂತೆ ಮಾಡಬಹುದು. ಶರೀಅತ್ ಎರಡು ಖಾತೆಗಳನ್ನು ಬೇರೆಯಾಗಿ ಇಡಿಸಿದ್ದರ ಅನುಕೂಲ ಇಲ್ಲಿ ಕಾಣುತ್ತದೆ.

ಇದಕ್ಕೆ ಪ್ರತಿಯಾಗಿ ಇಂದು ಆ ಮನೆಗಳು ತೆರುತ್ತಿರುವುದೇನು? ಮೂವತ್ತು ಸಾವಿರ ಸಾಲ, ‘ವರ್ಷಕ್ಕೆ ಹನ್ನೆರಡು ಪರ್ಸೆಂಟ್ ಮಾತ್ರ’ ಎಂದು ಬಾಯಲ್ಲಿ ಹೇಳುತ್ತಾರೆ. ಬಡ್ಡಿ ಮೂರು ಸಾವಿರದ ಆರುನೂರು. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿಯನ್ನು ಪೂರ್ತಿ ಮೂವತ್ತು ಸಾವಿರದ ಮೇಲೆಯೇ ಹಾಕುವುದರಿಂದ ನಿಜವಾದ ದರ ಶೇ. 21ನ್ನು ದಾಟುತ್ತದೆ. ಒಂದು ಕಂಪನಿಯ ಕಂತಿಗೆ ಇನ್ನೊಂದು ಕಂಪನಿಯ ಸಾಲ, ಅದರ ಕಂತಿಗೆ ಕೈಸಾಲದವನು. 2025ರ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ರಾಜ್ಯದ ಹಲವೆಡೆಯಿಂದ ಆತ್ಮಹತ್ಯೆಯ, ಊರು ಬಿಟ್ಟ ಸಂಸಾರಗಳ ಸುದ್ದಿ ಬಂದಾಗ ಸರಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸ, ಐದು ಲಕ್ಷದವರೆಗೆ ದಂಡ ಎಂದಿತು. ಅದೇ ದಿನಗಳಲ್ಲಿ ಗದಗ-ಬೆಟಗೇರಿಯಲ್ಲಿ ಬಡ್ಡಿ ವ್ಯವಹಾರದವರ ಮೇಲೆ ನಡೆದ ಪೊಲೀಸ್ ದಾಳಿಯಲ್ಲಿ ಕೋಟಿಗಟ್ಟಲೆ ನಗದು ಸಿಕ್ಕಿದ್ದನ್ನೂ ನಾವು ಓದಿದ್ದೇವೆ. ಕಾನೂನು ಒಳ್ಳೆಯದೇ. ಆದರೆ ಕಾನೂನು ವಸೂಲಿಗಾರನನ್ನು ಹೆದರಿಸಬಲ್ಲದು, ಮಗಳ ಕಾಲೇಜಿನ ಫೀಸಿಗೆ ನಾಳೆ ಬೇಕಾದ ಎಂಟು ಸಾವಿರವನ್ನು ಕೊಡಲಾರದು. ಅದನ್ನು ಯಾರೂ ಕೊಡದಿದ್ದರೆ ಆ ತಾಯಿ ಮತ್ತೆ ಅದೇ ಪಡಸಾಲೆಗೆ ಹೋಗುತ್ತಾಳೆ. ಬಡ್ಡಿ ಹರಾಮ್ ಎಂದು ಅವಳಿಗೆ ಪ್ರವಚನ ನೀಡುವ ಅಧಿಕಾರ, ಬಡ್ಡಿಯಿಲ್ಲದ ಬಾಗಿಲೊಂದನ್ನು ತೆರೆಯದ ಜಮಾತಿಗೆ ಇದೆಯೇ?

ಇದು ಬರೀ ಕನಸಲ್ಲ. ದೇವಬಂದ್‌ನ ಮುಸ್ಲಿಮ್ ಫಂಡ್ 1961ರಿಂದಲೂ, ನಜೀಬಾಬಾದ್‌ನದು 1971ರಿಂದಲೂ ಒಡವೆಯ ಭದ್ರತೆಯ ಮೇಲೆ ಬಡ್ಡಿಯಿಲ್ಲದ ಸಾಲ ಕೊಡುವ ಪದ್ಧತಿಯನ್ನು ರೂಢಿಸಿದವು. ನೆರೆಯ ಪಾಕಿಸ್ತಾನದ ಲಾಹೋರಿನಲ್ಲಿ 2001ರಲ್ಲಿ ಹತ್ತು ಸಾವಿರ ರೂಪಾಯಿಯ ಒಂದೇ ಸಾಲದಿಂದ ಆರಂಭವಾದ ‘ಅಖುವತ್’ ಸಂಸ್ಥೆ ಮಸೀದಿಗಳಲ್ಲಿ, ಚರ್ಚುಗಳಲ್ಲಿ ಕುಳಿತು ಎಲ್ಲ ಧರ್ಮದವರಿಗೂ ಸಾಲ ಹಂಚಿತು. ಅದರ ಸ್ಥಾಪಕ ಅಮ್ಜದ್ ಸಾಕಿಬ್‌ರಿಗೆ 2021ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮದೇ ರಾಜ್ಯದ ಭಟ್ಕಳದಲ್ಲಿ 1912ರ ತಂಝೀಮ್, 1919ರ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಇಂದಿಗೂ ನಿಂತಿವೆ. ವ್ಯಕ್ತಿಗಳು ಬದಲಾದರೂ ಸಂಸ್ಥೆ ಉಳಿಯುವುದು ದಾಖಲೆಯಿಂದ ಎಂಬುದಕ್ಕೆ ಅವು ಸಾಕ್ಷಿ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಹಲಾಲ್ ಲಾಭದ ಹೆಸರಿನಲ್ಲಿ ಬೆಂಗಳೂರಿನ ಐಎಂಎ ಕಂಪನಿ ಜನರಿಂದ ಸಾವಿರಾರು ಕೋಟಿ ಸಂಗ್ರಹಿಸಿ 2019ರ ಜೂನ್‌ನಲ್ಲಿ ಕುಸಿದುಬಿತ್ತು. ವಿಧವೆಯರ ಒಡವೆ, ಹಜ್ಜ್‌ಗೆಂದು ಕೂಡಿಟ್ಟ ಹಣ ಎಲ್ಲವೂ ಅದರಲ್ಲಿ ಹೋಯಿತು. ಗಡ್ಡ ಮತ್ತು ಸಲಾಮಿನ ಮೇಲೆ ಇಟ್ಟ ನಂಬಿಕೆ ಲೆಕ್ಕಪರಿಶೋಧನೆಯ ಜಾಗವನ್ನು ತುಂಬಲಾರದೆಂದು ನಾವು ಬಹಳ ದುಬಾರಿ ಬೆಲೆ ತೆತ್ತು ಕಲಿತೆವು. ಆದುದರಿಂದ ಯಾವ ಜಮಾತೂ ಲಾಭದ ಆಸೆ ತೋರಿಸಿ ಜನರಿಂದ ಠೇವಣಿ ಪಡೆಯಬಾರದು. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯ ಪ್ರಕಾರ ಅದು ಅಪರಾಧವೂ ಹೌದು. ದಾನದ ನಿಧಿಯಿಂದ ಸಾಲ ಕೊಡುವುದು ಒಂದು ದಾರಿ. ಸದಸ್ಯರ ಉಳಿತಾಯ ಪಡೆಯಲೇಬೇಕೆಂದಿದ್ದರೆ ಸಹಕಾರ ಸಂಘವಾಗಿ ನೋಂದಾಯಿಸಿಕೊಂಡು ಆ ಕಟ್ಟಳೆಗಳಿಗೆ ತಲೆಬಾಗುವುದು ಇನ್ನೊಂದು ದಾರಿ. ಮೂರನೆಯದಿಲ್ಲ.

ವಕ್ಫ್ ಮಂಡಳಿಯಲ್ಲಿ ದಾಖಲಾದ ಸಂಸ್ಥೆಗಳ ಕಥೆ ರಾಜಕೀಯದೊಂದಿಗೆ ಹೆಣೆದುಕೊಂಡಿದೆ. ದೇಶದ ವಕ್ಫ್ ಆಸ್ತಿಗಳ ಮಾರುಕಟ್ಟೆ ಮೌಲ್ಯ 1.2 ಲಕ್ಷ ಕೋಟಿ ರೂಪಾಯಿ, ವಾರ್ಷಿಕ ಆದಾಯ ಬರೀ 163 ಕೋಟಿ ಎಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತ್ತು. ಸರಿಯಾಗಿ ನಿರ್ವಹಿಸಿದರೆ 12,000 ಕೋಟಿ ಬರಬಹುದೆಂದೂ ಅಂದಾಜಿಸಿತ್ತು. ನಾವು ಆ ವರದಿಯನ್ನು ವೇದಿಕೆಗಳಲ್ಲಿ ಉದ್ಧರಿಸಿದೆವು, ನಮ್ಮ ಮಳಿಗೆಗಳ ಬಾಡಿಗೆಯನ್ನು ಮಾತ್ರ ಹಳೆಯ ದರದಲ್ಲೇ ಬಿಟ್ಟೆವು. 2024ರ ಕೊನೆಯ ತಿಂಗಳುಗಳಲ್ಲಿ ಪಹಣಿಯಲ್ಲಿ ವಕ್ಫ್ ನಮೂದಿನ ವಿವಾದ ಉತ್ತರ ಕರ್ನಾಟಕದ ಹಳ್ಳಿಗಳನ್ನು ಕಲಕಿತು. ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ಕಲ್ಲು ತೂರಾಟಕ್ಕೆ ಗುರಿಯಾದದ್ದು ಬಡ ಮುಸ್ಲಿಮರ ಮನೆಗಳು. ಯಾವ ಮುತವಲ್ಲಿಯ ಬಂಗಲೆಯೂ ಅಲ್ಲ. 2025ರ ಏಪ್ರಿಲ್‌ನಲ್ಲಿ ತಿದ್ದುಪಡಿ ಕಾಯ್ದೆ ಬಂತು. ಮಂಡಳಿಗಳಲ್ಲಿ ಮುಸ್ಲಿಮೇತರರ ಸೇರ್ಪಡೆ, ವಕ್ಫ್ ಮಾಡುವವನು ಐದು ವರ್ಷ ಧರ್ಮಾಚರಣೆ ಮಾಡಿರಬೇಕೆಂಬ ಷರತ್ತು ಮುಂತಾದವು ಅನ್ಯಾಯದ ಅಂಶಗಳೆಂದೇ ನಮ್ಮ ನಿಲುವು. ಆ ವರ್ಷದ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟ್ ಕೆಲವು ಅಂಶಗಳಿಗೆ ಮಧ್ಯಂತರ ತಡೆಯನ್ನೂ ನೀಡಿತು. ಆದರೆ ವರ್ಷಕ್ಕೊಮ್ಮೆ ಲೆಕ್ಕ ಸಲ್ಲಿಸಬೇಕು, ತಪಾಸಣೆಗೆ ಒಳಪಡಬೇಕು ಎಂಬುದು ಆ ತಿದ್ದುಪಡಿಯೊಂದಿಗೆ ಬಂದದ್ದಲ್ಲ. 1995ರ ಮೂಲ ಕಾಯ್ದೆಯಲ್ಲೇ ಅದು ಇತ್ತು. ಮೂವತ್ತು ವರ್ಷ ಅದನ್ನು ಪಾಲಿಸದವರು, ಇಂದು ಸಮುದಾಯದ ಹಕ್ಕಿನ ಹೆಸರಿನಲ್ಲಿ ತಮ್ಮ ಕಪಾಟಿಗೆ ಬೀಗ ಹಾಕಿಕೊಳ್ಳುವುದನ್ನು ನಾವು ಬೆಂಬಲಿಸಲಾರೆವು. ಬೀದಿಯಲ್ಲಿ ಘೋಷಣೆ ಕೂಗಿದ ಯುವಕನಿಗೆ ತನ್ನ ಮಸೀದಿಯ ಲೆಕ್ಕ ನೋಡುವ ಹಕ್ಕೂ ಇದೆ.

ಕೆಲವರು ಕೇಳುತ್ತಾರೆ, ನೆರವು ನಮ್ಮವರಿಗೆ ಮಾತ್ರವೇ ಎಂದು. ಝಕಾತಿನ ನಿಯಮ ಬೇರೆ, ಆದರೆ ಐಚ್ಛಿಕ ಸದಕಾ ನೆರೆಯವನ ಧರ್ಮ ಕೇಳುವುದಿಲ್ಲ. ಕಾನೂನಿನ ದೃಷ್ಟಿಯಿಂದಲೂ ಇದು ಗಮನಾರ್ಹ. ಒಂದೇ ಧಾರ್ಮಿಕ ಸಮುದಾಯದ ಪ್ರಯೋಜನಕ್ಕೆಂದು ಕರಾರು ಪತ್ರದಲ್ಲಿ ಬರೆದುಕೊಂಡ ದತ್ತಿ ಸಂಸ್ಥೆಗೆ ಆದಾಯ ತೆರಿಗೆಯ ವಿನಾಯಿತಿಗಳು ದೊರೆಯುವುದಿಲ್ಲವೆಂಬುದು 1961ರ ಕಾಯ್ದೆಯ ಕಾಲದಿಂದಲೂ ಇರುವ ನಿಯಮ. ಎಷ್ಟೋ ಟ್ರಸ್ಟ್‌ಗಳು ಆ ಒಂದು ವಾಕ್ಯದಿಂದ ನಷ್ಟ ಅನುಭವಿಸಿವೆ. ಮಠದ ಹೆಸರಿನಲ್ಲೇ ಫಕೀರನನ್ನು ಇಟ್ಟುಕೊಂಡ ಊರು ಶಿರಹಟ್ಟಿ. ವೀರನಾರಾಯಣ ಮತ್ತು ತ್ರಿಕೂಟೇಶ್ವರ ಗುಡಿಗಳ ಹಾಗೂ ಜುಮ್ಮಾ ಮಸೀದಿಯ ವ್ಯವಹಾರವನ್ನು ಹಿಂದೂ-ಮುಸ್ಲಿಮರ ಜಂಟಿ ಸಮಿತಿಯೇ ನೋಡಿಕೊಂಡು ಬಂದ ಪರಂಪರೆ ಗದಗಿನದು. ಇಂಥ ನೆಲದಲ್ಲಿ ಒಂದು ಹೊಲಿಗೆ ಯಂತ್ರಕ್ಕೆ ಜಾತಿ ಕೇಳಬೇಕೆಂದು ಯಾರೂ ನಮಗೆ ಹೇಳಿಕೊಡಬೇಕಿಲ್ಲ.

ಕೊಡುವ ರೀತಿಯ ಬಗ್ಗೆ ಒಂದು ಮಾತು. ರಮಝಾನ್ ಕಿಟ್ ಹಿಡಿದ ಹೆಂಗಸಿನ ಎರಡೂ ಬದಿಗೆ ಪದಾಧಿಕಾರಿಗಳು ನಿಂತು ತೆಗೆಸಿಕೊಂಡ ಫೋಟೋ ಈಗ ಸಾಮಾನ್ಯವಾಗಿದೆ. ಅವಳ ಮಗ ಶಾಲೆಯಲ್ಲಿ ಸಹಪಾಠಿಯ ಮೊಬೈಲಿನಲ್ಲಿ ಅದನ್ನು ನೋಡುತ್ತಾನೆ. ದಾನಿಗಳಿಗೆ ಪುರಾವೆ ಬೇಕೆಂದು ಕಮಿಟಿಗಳು ಸಮರ್ಥಿಸಿಕೊಳ್ಳುತ್ತವೆ. ಪುರಾವೆ ಬೇಕಾದದ್ದು ಕಮಿಟಿಯ ಖರ್ಚಿಗೆ, ಅವಳ ಬಡತನಕ್ಕಲ್ಲ. ಮುಖ ಬಚ್ಚಿಡಿ, ಲೆಕ್ಕ ಬಿಚ್ಚಿಡಿ. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗಾಗಿದೆ. ಝಕಾತ್ ಸಂಗ್ರಹಿಸಲು ಹೋದವನೊಬ್ಬ ಮರಳಿ ಬಂದು, ‘ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ’ ಎಂದಾಗ ಪ್ರವಾದಿ(ಸ)ರು ಮಿಂಬರ್ ಏರಿ ಅದನ್ನು ಬಹಿರಂಗವಾಗಿ ಖಂಡಿಸಿದರು. ಸಾರ್ವಜನಿಕ ಹಣದ ವಿಷಯದಲ್ಲಿ ಅವರು ಮುಜುಗರಕ್ಕೆ ಈಡು ಮಾಡಿದ್ದು ಪಡೆದವನನ್ನಲ್ಲ, ಸಂಗ್ರಹಿಸುವ ಕೆಲಸದಲ್ಲಿದ್ದವನನ್ನು.

ಗದಗ ಮುದ್ರಣಾಲಯಗಳಿಗೆ ಹೆಸರಾದ ಊರು. ಲೆಕ್ಕದ ಒಂದು ಹಾಳೆ ಅಚ್ಚು ಹಾಕಿಸಲು ಅಲ್ಲಿ ಯಂತ್ರಗಳ ಬರವಿಲ್ಲ. ಝಕಾತ್ ಇಷ್ಟು ಬಂತು, ಇಷ್ಟು ಮಂದಿಗೆ ಹೋಯಿತು. ಚಂದಾ ಇಷ್ಟು, ಮಳಿಗೆ ಬಾಡಿಗೆ ಇಷ್ಟು, ಯಾರ ಬಾಕಿ ಎಷ್ಟು. ಸಾಲ ಕೊಟ್ಟದ್ದು, ಮರಳಿದ್ದು, ಉಳಿದದ್ದು. ಪಡೆದವರ ಹೆಸರು ಬೇಡ, ಸಂಖ್ಯೆ ಸಾಕು. ಜುಮಾ ನಮಾಝಿನ ಬಳಿಕ ಹತ್ತು ನಿಮಿಷ ಅದನ್ನು ಓದಿ ಹೇಳಲಿ, ಹೆಂಗಸರಿಗೆ ತಲುಪುವಂತೆ ಮದ್ರಸದ ಮಕ್ಕಳ ಕೈಯಲ್ಲಿ ಮನೆಗೊಂದು ಪ್ರತಿ ಕಳುಹಿಸಲಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಯಾವ ಜಮಾತೇ ಆಗಲಿ ಬರುವ ಶಾಬಾನ್‌ಗೆ ಮೊದಲು ತನ್ನ ಲೆಕ್ಕದ ಹಾಳೆಯನ್ನು ನಮಗೆ ಕಳುಹಿಸಿದರೆ, ಅದು ಎಷ್ಟೇ ಚಿಕ್ಕದಿರಲಿ, ಅದರಲ್ಲಿ ಕೊರತೆಯೇ ಕಾಣುತ್ತಿರಲಿ, ಈ ಪುಟದಲ್ಲೇ ಅಚ್ಚು ಹಾಕುತ್ತೇವೆ.